ಅಮಾವಾಸ್ಯೆಯ ದಿನದ ಜಗಳ

ಅವಳ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈತನಕ ಎಣ್ಣೆ ಸಿಡಿದ ಕಲೆಗಳಿದ್ದವು. ಹೆಸರುಕಾಳಿನಷ್ಟು ಸಣ್ಣವು, ಕೆಲವು ಬಿಳಿ, ಕೆಲವು ಕಂದು. ಆ ಕೈಯಲ್ಲೇ ಅವಳು ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯ ತೊಟ್ಟು ಹಿಡಿದು, ಬಾಣಲೆಯ ಅಂಚಿನಿಂದ ಎಣ್ಣೆಗೆ ಜಾರಿಬಿಡುತ್ತಿದ್ದಳು. ಬೆರಳು ಕುದಿಯುವ ಎಣ್ಣೆಗೆ ಎಷ್ಟು ಹತ್ತಿರ ಹೋಗುತ್ತಿತ್ತೆಂದರೆ, ನೋಡುತ್ತ ನಿಂತ ನಾವೇ ನಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆವು. ಅವಳಿಗೆ ಮಾತ್ರ ಅದರ ಖಬರೇ ಇರುತ್ತಿರಲಿಲ್ಲ. ಅವಳ ಕಣ್ಣು ರಸ್ತೆ ದಾಟಿ ನನ್ನ ಅಂಗಡಿಯ ಮೇಲಿರುತ್ತಿತ್ತು. ಜಗಳಕ್ಕೆ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿತ್ತು.

ನಾನು ಬಡಿಗ. ಕೊಟ್ಟೂರಿನಲ್ಲಿ ನನ್ನ ಅಂಗಡಿ. ಬಾಗಿಲು, ಕಿಟಕಿ, ಮಂಚ, ದೇವರಕೋಣೆಯ ಕದ ಮಾಡುತ್ತೇನೆ. ಎದುರಿಗೇ ಅವಳ ಮಂಡಕ್ಕಿ-ಮಿರ್ಚಿ ಅಂಗಡಿ. ನಡುವಿನ ರಸ್ತೆ ಎಷ್ಟು ಕಿರಿದೆಂದರೆ ಎರಡು ಆಟೋ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು. ಗಂಡ ತೀರಿಕೊಂಡ ಮೇಲೆ ಬಾಣಲೆ ಹಿಡಿದವಳು ಆಕೆ. ಇದ್ದೊಬ್ಬ ಮಗಳನ್ನು ಓದಿಸಿ, ಹಡಗಲಿ ಕಡೆಯ ಮಾಗಳ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದಳು. ಊರಿಗೆಲ್ಲ ಅವಳು ಅಕ್ಕ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು, ಹಾಗಾಗಿ ನನಗೂ ಅಕ್ಕನೇ. ಅವಳ ಬಾಯಲ್ಲಿ ನಾನು ಸಿಟ್ಟಿದ್ದಾಗ 'ಬಡಿಗೇರಾ', ಸಿಟ್ಟಿಲ್ಲದಾಗ 'ತಮ್ಮಾ'. ವರ್ಷಗಟ್ಟಲೆ ನಾನು ಕೇಳಿದ್ದು ಬರೀ ಬಡಿಗೇರಾ, ಬಡಿಗೇರಾ, ಬಡಿಗೇರಾ.

ಜಗಳದ ಮೂಲ ಮರದ ಹೊಟ್ಟು. ನಾನು ಮಷಿನ್ ಹಚ್ಚಿದರೆ ಗಾಳಿ ಯಾವ ಕಡೆಗಿದ್ದರೂ ಆ ಧೂಳು ಅವಳ ಅಂಗಡಿಗೇ ಹೋಗುತ್ತಿತ್ತು. ಅದಕ್ಕೆ ನಾನೇನು ಮಾಡಲಿ? ಅವಳು ಹಳೆಯ ಬಿಳಿ ಪಂಚೆಯೊಂದನ್ನು ನೀರಲ್ಲಿ ಅದ್ದಿ ಅಂಗಡಿಯ ಮುಂದೆ ಪರದೆ ಕಟ್ಟುತ್ತಿದ್ದಳು. ಸಂಜೆಗೆ ಅದು ಹಳದಿಯಾಗಿರುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ನನ್ನ ಮುಂದೆ ಝಾಡಿಸುತ್ತಿದ್ದಳು.

"ಏ ಬಡಿಗೇರಾ, ನೋಡಿಲ್ಲಿ ನಿನ್ನ ಕರಾಮತ್ತು! ಗಿರಾಕಿ ಏನಂತಾರ ಗೊತ್ತೈತಾ? ಅಕ್ಕಾ, ಇವತ್ತ ಮಂಡಕ್ಕಿಗಿ ಹಾಕಿದ ಪುಟಾಣಿ ಹಿಟ್ಟು ಕಹಿ ಐತಿ ಅಂತಾರ!"

"ಕಹಿ ಇದ್ರ ಬೇವಿನ ಹೊಟ್ಟು ಅದು. ಔಷಧಿ ಅಂತ ಹೇಳಿ ಮಾರು."

"ನಿನ್ನ ಬಾಯಾಗ ಮಣ್ಣು ಹಾಕ."

"ನೀ ಹಾಕೋದು ಬ್ಯಾಡ ಬಿಡು. ನಿನ್ನ ಮೆಣಸಿನಕಾಯಿ ಘಾಟಿಗೇ ಮುಂಜಾನಿಂದ ಕೆಮ್ಮಾಕ ಹತ್ತೀನಿ. ಮೊದಲು ಅದನ್ನ ನಿಂದರಸು, ಆಮ್ಯಾಲ ನನ್ನ ಮಷಿನ್ ಮಾತು."

ದಿನಾ ಇದೇ. ಮಿರ್ಚಿ ತಿನ್ನುವವರಿಗೆ ನಂಜಿಕೊಳ್ಳಲು ನಮ್ಮ ಜಗಳ. ಆದರೆ ಕೆಮ್ಮಿನ ಮಾತು ಮಾತ್ರ ಬರೀ ಜಗಳದ್ದಾಗಿರಲಿಲ್ಲ. ನನಗೆ ನಿಜವಾಗಿಯೂ ಕೆಮ್ಮು ಹತ್ತಿತ್ತು.

ನಮ್ಮಪ್ಪನ ಕಾಲದಲ್ಲಿ ರಂದಾ ಹೊಡೆದರೆ ಮರದಿಂದ ಸುರುಳಿ ಸುರುಳಿ ಸಿಪ್ಪೆ ಬೀಳುತ್ತಿತ್ತು. ಅದರಲ್ಲಿ ಹೊರಳಾಡಿ ಬೆಳೆದವನು ನಾನು. ನನ್ನ ಕೈಗೆ ಅಂಗಡಿ ಬಂದ ಮೇಲೆ ಕೊಯ್ಯುವ ಮಷಿನ್ ಬಂತು, ತಿಕ್ಕುವ ಮಷಿನ್ ಬಂತು, ಪ್ಲೈವುಡ್ ಬಂತು. ಸುರುಳಿಯ ಜಾಗದಲ್ಲಿ ಹಿಟ್ಟು ಬೀಳತೊಡಗಿತು, ಮೈದಾ ಹಿಟ್ಟಿನಷ್ಟು ನುಣ್ಣಗೆ. ಸಾಗವಾನಿಯದಾದರೆ ಮೂಗು ತುರಿಸಿ ಬಿಡುತ್ತಿತ್ತು. ಹೊನ್ನೆಯದಾದರೆ ಮುಗಿಯಿತು, ಕಣ್ಣು ಮೂಗು ಎರಡರಲ್ಲೂ ನೀರು. ಹಲಗೆಯ ಮೇಲೆ ಕೂತ ಹಿಟ್ಟನ್ನು ಬಾಯಿಂದ ಊದುವುದು ನಮ್ಮ ವಂಶದ ರೂಢಿ. ಊದಿದ್ದೆಲ್ಲ ತಿರುಗಿ ನನ್ನ ಮುಖಕ್ಕೇ ಬರುತ್ತಿತ್ತು. ಊದಿ, ಅಂಗೈಯಲ್ಲಿ ಸವರಿ, ನುಣುಪು ನೋಡಿ, ಮತ್ತೆ ಊದುವುದು.

ಮೊದಮೊದಲು ಬರೀ ಒಣಕೆಮ್ಮು. ಆಮೇಲೆ ಎದೆ ಬಿಗಿಯತೊಡಗಿತು. ಉಸಿರಿನ ಜೊತೆ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು. ಮಲಗಿದರೆ ಆಗುತ್ತಿರಲಿಲ್ಲ, ದಿಂಬು ಏರಿಸಿಕೊಂಡು ಕೂತೇ ಕಣ್ಣು ಮುಚ್ಚುತ್ತಿದ್ದೆ. ಧೂಳಿಗೆ ಬೆಲ್ಲ ಮದ್ದು ಎಂದು ನಮ್ಮ ಕಸುಬಿನವರೆಲ್ಲ ನಂಬಿದ್ದಾರೆ. ಬೆಲ್ಲ ತಿಂದರೆ ಒಳಗಿನ ಧೂಳು ಅಂಟಿಕೊಂಡು ಹೊಟ್ಟೆಗೆ ಇಳಿಯುತ್ತದಂತೆ! ನಾನೂ ತಿಂದೆ. ಅಚ್ಚುಗಟ್ಟಲೆ ತಿಂದೆ. ಇರುವೆಗಳು ನನ್ನ ಹಿಂದೆ ಮನೆತನಕ ಬಂದವೇ ಹೊರತು ಕೆಮ್ಮು ಹೋಗಲಿಲ್ಲ.

ಒಂದು ದಿನ ಮಾತ್ರ ನನಗೆ ಏನೂ ಆಗುತ್ತಿರಲಿಲ್ಲ, ಅಮಾವಾಸ್ಯೆಯ ದಿನ.

ನಮ್ಮವರು ಅಮಾವಾಸ್ಯೆಗೆ ಉಳಿ ಹಿಡಿಯುವುದಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ಕೆಲಸ ನಿಲ್ಲಿಸಿ, ಅಂಗಡಿಗೆ ನೀರು ಹಾಕಿ ತೊಳೆಯುತ್ತೇವೆ. ಮರುದಿನ ಗರಗಸ, ರಂದಾ, ಬಾಚಿ ಎಲ್ಲವನ್ನೂ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ. ಮಷಿನ್ನಿಗೂ ಒಂದು ನಿಂಬೆಹಣ್ಣು. ಪಾಡ್ಯದ ದಿನ ಕೆಲಸ ಹಿಡಿಯಬಾರದು ಎಂದು ಆ ದಿನವೂ ಕದ ಹಾಕಿಯೇ ಇರುತ್ತದೆ. ಆ ಪೂಜೆಯ ವಿಭೂತಿ ಹಣೆಗೆ ಬಿತ್ತೆಂದರೆ ನನ್ನ ಎದೆ ಹಗುರಾಗುತ್ತಿತ್ತು. ಅಂಗಡಿ ತೆರೆದು ಸಂಜೆಯಾಗುವಷ್ಟರಲ್ಲಿ ಸೀಟಿ ಮತ್ತೆ ಶುರು.

"ದೇವರ ಸತ್ಯ ನೋಡ್ರಿ," ಎಂದು ನನ್ನ ಹೆಂಡತಿ ಕೈ ಮುಗಿಯುತ್ತಿದ್ದಳು. ದೇವರ ಸತ್ಯ ಉಳಿದ ದಿನವೂ ಸಿಗಲಿ ಎಂದು ದಿನಾ ಮುಂಜಾನೆ ವಿಭೂತಿಯನ್ನು ನೀರಲ್ಲಿ ಕಲಸಿ ಕುಡಿಸಿದಳು. ಕೊರಳಿಗೆ ತಾಯತ ಬಂತು. ಎಂಥದ್ದೂ ನಾಟಲಿಲ್ಲ. ಕದ ಎತ್ತಿ ನಿಲ್ಲಿಸಲು ಉಸಿರು ಸಾಲದೆ ಕೂತುಬಿಟ್ಟ ದಿನ ನನಗೆ ಹೆದರಿಕೆಯಾಯಿತು. ಮರ ಬಿಟ್ಟು ನನಗೆ ಬೇರೇನೂ ಬಾರದು. ಮರ ಮುಟ್ಟಲಾಗದ ಬಡಿಗ ಎಲ್ಲಿಗೆ ಹೋಗಬೇಕು? ಇದನ್ನು ಹೆಂಡತಿಗೂ ಹೇಳದೆ ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಅಂಥದರಲ್ಲಿ ಒಂದು ಅಮಾವಾಸ್ಯೆ ಬಂತು. ಆ ದಿನ ಊರಿಗೆ ದೇವರಿಗೆಂದು ಬರುವ ಮಂದಿ ಬಹಳ. ಅಕ್ಕನ ಬಾಣಲೆ ಮುಂಜಾನೆ ಏರಿದರೆ ಇಳಿಯುವ ಮಾತಿಲ್ಲ. ನಾನು ಸ್ನಾನ ಮಾಡಿ, ಮಡಿ ಉಟ್ಟು, ಪೂಜೆ ಮುಗಿಸಿ ರಸ್ತೆ ದಾಟಿದೆ. ಅಂದು ಅವಳಿಗೆ ಸಿಕ್ಕ ಮೆಣಸಿನಕಾಯಿ ಭಾರಿ ಖಾರದ್ದು. ಒಂದು ಎಣ್ಣೆಯಲ್ಲಿ ಒಡೆದು ಘಾಟು ಎದ್ದು, ಬೆಂಚಿನ ಮೇಲಿದ್ದವರೆಲ್ಲ ಖೊಕ್ ಖೊಕ್ ಎನ್ನುತ್ತ ಎದ್ದು ಹೊರಗೆ ಬಂದರು. ಅಲ್ಲಿಂದ ತಿರುಗಿ ನೋಡಿದ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅವಳು ಒಗೆದ ಪಂಚೆ ಒಣಗಿಸಲೆಂದು ಹಗ್ಗದ ಒಂದು ತುದಿಯನ್ನು ಮಂದಿಯ ತಲೆಗಿಂತ ಎತ್ತರದಲ್ಲಿ ರಸ್ತೆಗೆ ಅಡ್ಡವಾಗಿ ಎಳೆತಂದು ನನ್ನ ಅಂಗಡಿಯ ಕಂಬಕ್ಕೆ ಕಟ್ಟಿದ್ದಳು, ನಾನೇ ಕೆತ್ತಿದ ಹೂಬಳ್ಳಿಯ ಕಂಬಕ್ಕೆ!

ನೆತ್ತಿಗೇರಿತು ನನಗೆ. "ಅಲ್ಲಬೇ ಅಕ್ಕಾ, ನಿನಗ ಕಟ್ಟಾಕ ಬ್ಯಾರೆ ಕಂಬ ಸಿಗಲಿಲ್ಲೇನು, ಕಂಬ ಅಂದ್ರ ಎತ್ತು ಕಟ್ಟೋ ಗೂಟ ಅಂತ ತಿಳಕೊಂಡೀ, ಆ ಬಳ್ಳಿ ಕೆತ್ತಾಕ ನಾ ಒಂದು ಬೇಸಿಗಿ ಕಳದೀನಿ, ಈ ನಿನ್ನ ಹರಕ ಪಂಚಿ ಒಣಗಸಾಕಲ್ಲ, ನಿನ್ನ ಮಂಡಕ್ಕಿಗಿ ನನ್ನ ಧೂಳು ಬ್ಯಾಡ ಆದ್ರ ನನ್ನ ಕಂಬ ಮಾತ್ರ ಬೇಕು, ಇದ್ಯಾವ ನ್ಯಾಯ, ಬಿಚ್ಚು ಮೊದಲು!"

ಅಕ್ಕ ತಿರುಗಿ ಬೈಯಲಿಲ್ಲ. ಜಾಲರಿ ಸೌಟನ್ನು ಬಾಣಲೆಯ ಮೇಲೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇನ್ನೊಮ್ಮಿ ಅನ್ನು," ಅಂದಳು.

"ಏನು?"

"ಈಗ ಬೈದ್ಯಲ್ಲ, ಅದನ್ನ. ಇನ್ನೊಮ್ಮಿ ಬೈ."

ಬೈಯುವವನಿಗೆ ಬೈ ಎಂದರೆ ಬಾಯಿ ಕಟ್ಟುತ್ತದೆ. ಆದರೂ ಹಟಕ್ಕೆ ಬಿದ್ದು ಬೈದೆ, ಇನ್ನೆರಡು ಮಾತು ಸೇರಿಸಿಯೇ ಬೈದೆ. ಹೊರಗೆ ನಿಂತು ಕೆಮ್ಮುತ್ತಿದ್ದ ಮಂದಿ ನಗತೊಡಗಿದರು. ಅಕ್ಕ ನಗಲಿಲ್ಲ. ಮಿರ್ಚಿ ತೆಗೆದು ಬುಟ್ಟಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತಳು.

"ಎಲ್ಲೂ ನಿಲ್ಲಲಿಲ್ಲ ನೀನು. ಉಳಿದ ದಿನ ನನ್ನ ಜೋಡಿ ಜಗಳಾ ತಗದ್ರ ನಿನ್ನ ಮಾತು ಅರ್ಧಕ್ಕ ನಿಂತು, ಎದಿ ಹಿಡಕೊಂಡು, ಕೈ ಮಾಡಿ ತೋರಸ್ತೀ. ಉಳಿದದ್ದನ್ನ ನಾನ ತಿಳಕೋಬೇಕು. ಇವತ್ತ ಎರಡು ಸಲ ಪೂರಾ ಬೈದಿ."

"ಇವತ್ತ ಅಮಾವಾಸಿ. ದೇವರು ಅದಾನ."

"ದೇವರು ಅದಾನ, ಇಲ್ಲ ಅಂದೋರು ಯಾರು? ನಾ ಕೇಳೋದು ಬ್ಯಾರೆ. ನನ್ನ ಘಾಟಿಗಿ ಕೆಮ್ಮು ಬರ್ತೈತಿ ಅಂತಿದ್ಯಲ್ಲ, ನೋಡು, ಊರ ಮಂದಿ ಎಲ್ಲಾ ಕೆಮ್ಮಾಕ ಹತ್ಯಾರ. ಅಮಾವಾಸಿ ದಿನ ನನ್ನ ಬಾಣಲಿ ಇಳಿಯಂಗಿಲ್ಲ. ಘಾಟು ನಂದಾಗಿದ್ರ ಇವತ್ತ ನೀ ಬಿದ್ದು ಒದ್ದಾಡಬೇಕಿತ್ತು. ಇವತ್ತ ಏನು ಬಂದ್ ಐತಿ? ನಿನ್ನ ಮಷಿನ್ ಬಂದ್ ಐತಿ."

ಉಸಿರಿದ್ದೂ ಸೋತ ಜಗಳ ಅದೊಂದೇ. ಹಗ್ಗ ಬಿಚ್ಚಿ ಮನೆಗೆ ಹೋದೆ.

ಪಾಡ್ಯ ಕಳೆದು ಅಂಗಡಿ ತೆರೆದೆ. ಮದುವೆಯ ಮಂಚವೊಂದನ್ನು ತಿಕ್ಕುವುದಿತ್ತು, ಹೊನ್ನೆ ಮರದ್ದು. ಸಂಜೆ ಅಕ್ಕ ಪಂಚೆ ಬಿಚ್ಚಿಕೊಂಡು ಬಂದಳು. ಝಾಡಿಸಲಿಲ್ಲ. ಬಾಗಿಲಲ್ಲೇ ನಿಂತು, "ಹೂಂ, ಬೈ," ಅಂದಳು.

ಬೈಯಲು ಹೊರಟೆ. "ಅಲ್ಲಬೇ, ನಿನಗ ಕಟ್ಟಾಕ..." ಅಷ್ಟಕ್ಕೇ ಎದೆ ಹಿಡಿಯಿತು. ಕೈ ಮೇಲೆತ್ತಿ ಕಂಬ ತೋರಿಸಿದೆ. ಕೂತೆ.

ಅವಳೂ ಹಲಗೆಯ ಮೇಲೆ ಕೂತಳು. ಆ ಹಳದಿ ಪಂಚೆಯನ್ನು ನನ್ನ ತೊಡೆಯ ಮೇಲೆ ಹರಡಿದಳು.

"ತಮ್ಮಾ," ಅಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ. "ರಸ್ತಿ ಆಕಡೆ ಇರೋ ನನ್ನ ಪಂಚಿಗೇ ಇಷ್ಟು ಹತ್ತೈತಿ. ಮಷಿನಿನ ಮ್ಯಾಲ ಬಗ್ಗಿ ನಿಂತಾಂವ ನೀನು, ನಿನ್ನ ಒಳಗ ಎಷ್ಟಿದ್ದೀತು? ಇದನ್ನ ನಾ ದಿನಾ ಒಗದು ಒಣಗಸ್ತೀನಿ. ನಿನ್ನ ಎದಿ ಯಾರು ಒಗೀತಾರ?"

ನನಗೆ ಅಳು ಬಂತು. ಮಷಿನ್ ಬಿಟ್ಟರೆ ಹೊಟ್ಟೆಗೇನು ಎಂದು, ಹೆಂಡತಿಗೂ ಹೇಳದ ಮಾತನ್ನು ಅವಳ ಮುಂದೆ ಹೇಳಿಬಿಟ್ಟೆ. "ಮೊದಲು ಉಸಿರು, ಆಮ್ಯಾಲ ಹೊಟ್ಟಿ. ನಾಳಿಗಿ ದವಾಖಾನಿಗಿ ಹೋಗಾಣು, ನಾನೂ ಬರ್ತೀನಿ," ಅಂದಳು. ಅಂದು ರಾತ್ರಿ ನಮ್ಮ ಮನೆಗೂ ಬಂದಳು. ನನ್ನ ಹೆಂಡತಿ ವಿಭೂತಿಯ ಮಾತು ತೆಗೆದದ್ದಕ್ಕೆ, "ನಿಮ್ಮ ಹಿರೇರು ಹುಚ್ಚರಲ್ಲವ್ವಾ. ದೇವರ ಹೆಸರಾಗ ದುಡಿಯೋ ಮೈಗಿ ಕೆಲಸದಿಂದ ಒಂದಿಷ್ಟು ಸೂಟಿ ಕೊಟ್ಟಾರ. ವಿಭೂತಿ ಹಣಿಗಿ ಇರಲಿ, ಸೂಟಿ ಎದಿಗಿ ಬೇಕಾಗೈತಿ," ಅಂದಳು. ನನ್ನ ಹೆಂಡತಿ ಅದನ್ನು ಒಪ್ಪಿದಳು. ನಾನು ಹೇಳಿದ್ದನ್ನು ಅವಳು ಎಂದೂ ಹೀಗೆ ಒಪ್ಪಿದ್ದಿಲ್ಲ.

ಮಗಳ ಬಾಣಂತನದಲ್ಲೂ ಮುಚ್ಚದ ಅಂಗಡಿಯನ್ನು ಮರುದಿನ ಮುಚ್ಚಿ ಅಕ್ಕ ನನ್ನ ಜೊತೆ ಹೊಸಪೇಟೆಯ ಬಸ್ ಹತ್ತಿದಳು. ಕೂಡ್ಲಿಗಿ ದಾಟುವತನಕ ಕಿಟಕಿಯ ಸೀಟಿಗಾಗಿ ಜಗಳ. ಧೂಳು ಬರುತ್ತದೆಂದು ನನಗೆ ಬಿಡಲೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಕೇಳಿದ್ದಕ್ಕೆಲ್ಲ ಅಕ್ಕನದೇ ಉತ್ತರ. ಎಷ್ಟು ದಿನದಿಂದ? "ಎರಡು ಬೇಸಿಗಿ ಆತ್ರಿ." ಬೀಡಿ ಸೇದುತ್ತಾರಾ? "ಇಲ್ರೀ, ಬೆಲ್ಲ ತಿಂತಾನ." ಅವರು ನಕ್ಕು, ನನ್ನ ಎದೆಗೆ ಕೊಳವೆ ಇಟ್ಟು ಕೇಳುತ್ತಿರುವಾಗ ಅಕ್ಕ ತಡೆಯಲಾರದೆ ಅಮಾವಾಸ್ಯೆಯ ಕಥೆ ತೆಗೆದಳು. ಘಾಟು, ಕಂಬ, ಎರಡು ಸಲ ಪೂರಾ ಬೈದದ್ದು, ಪಾಡ್ಯ ಕಳೆದ ಮೇಲೆ ಅರ್ಧಕ್ಕೆ ನಿಂತದ್ದು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ.

ಡಾಕ್ಟರಮ್ಮ ಕೊಳವೆ ಕಿವಿಯಿಂದ ತೆಗೆದರು. "ಅಮ್ಮಾ, ರಜೆಯ ದಿನ ಹೇಗಿರುತ್ತೆ ಅಂತ ನಾನು ಎಲ್ಲರನ್ನೂ ಕೇಳ್ತೀನಿ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ," ಅಂದರು. ಆಮೇಲೆ ನನ್ನ ಬಾಯಿಗೊಂದು ಕೊಳವೆ ಕೊಟ್ಟು ಊದಿಸಿದರು. ಎದೆಯಲ್ಲಿದ್ದುದನ್ನೆಲ್ಲ ಊದಬೇಕು. ಸಣ್ಣ ಪಂಪಿನಿಂದ ಉಸಿರಿನ ಜೊತೆ ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದರು. ಎರಡನೆಯ ಸಲ ಹೆಚ್ಚು ಬಂತು. ಅದು ಒಳ್ಳೆಯ ಲಕ್ಷಣವಂತೆ. ಮರದ ಧೂಳಿನಿಂದ ಬಂದ ಉಬ್ಬಸ ಇದು, ಒಳಗಿನ ದಾರಿ ಕಿರಿದಾಗಿದೆ, ಆದರೆ ಇನ್ನೂ ತೆರೆಯುತ್ತದೆ ಅಂದರು. ಹೀಗೇ ಬಿಟ್ಟಿದ್ದರೆ ಮುಂದೆ ತೆರೆಯದೆಯೂ ಹೋಗಬಹುದಿತ್ತಂತೆ. ಕಣ್ಣಿಗೆ ಕಾಣುವ ಹೊಟ್ಟು ಮೂಗಿನಲ್ಲೇ ನಿಲ್ಲುತ್ತದೆ, ಕಾಣದಷ್ಟು ನುಣ್ಣನೆಯದು ಆಳಕ್ಕೆ ಇಳಿಯುತ್ತದೆ. ಬೆಲ್ಲ ಹೋಗುವ ದಾರಿಯೇ ಬೇರೆ, ಧೂಳು ಹೋಗುವ ದಾರಿಯೇ ಬೇರೆ.

"ಕೆಲಸ ಬಿಡಬೇಕೇನ್ರಿ?" ಎಂದು ಕೇಳಿದೆ.

"ಮೊದಲು ಧೂಳು ಬಿಡಿ. ಒಂದಷ್ಟು ವಾರ ಅಂಗಡಿಗೆ ಹೋಗಬೇಡಿ, ಔಷಧಿ ಎಳೆಯಿರಿ. ಆಮೇಲೆ ಧೂಳಿಲ್ಲದ ಹಾಗೆ ಕೆಲಸ ಮಾಡಿ ನೋಡೋಣ. ಮತ್ತೆ ಉಸಿರು ಬಿಗಿದರೆ ಮಾತ್ರ ಬಿಡಲೇಬೇಕು."

ಆ ವಾರಗಳು ಬಲು ಉದ್ದ. ಕದ ಹಾಕಿದ ಅಂಗಡಿಯ ಮುಂದೆ ಹಾಯುವಾಗ ಬೀಗವನ್ನೊಮ್ಮೆ ಜಗ್ಗಿ ನೋಡಿ ಮುಂದೆ ಹೋಗುತ್ತಿದ್ದೆ. ಉಸಿರು ಮಾತ್ರ ದಿನದಿನಕ್ಕೆ ತಿಳಿಯಾಯಿತು. ತಿರುಗಿ ಅಂಗಡಿ ತೆರೆದಾಗ ಎಲ್ಲವನ್ನೂ ಬದಲಿಸಿದ್ದೆ. ತಿಕ್ಕುವ ಮಷಿನ್ನಿಗೆ ಧೂಳು ಹೀರಿ ಚೀಲಕ್ಕೆ ತುಂಬುವ ಇನ್ನೊಂದು ಮಷಿನ್ ಜೋಡಿಸಿದೆ. ಬಾಯಿಂದ ಊದುವುದು ಬಂದ್, ಒದ್ದೆ ಬಟ್ಟೆಯಲ್ಲಿ ಒರೆಸುವುದು. ಕಸ ಗುಡಿಸುವ ಮುಂಚೆ ನೀರು ಚಿಮುಕಿಸುವುದು. ಮುಖಕ್ಕೆ ಟವೆಲ್ ಸುತ್ತಿದರೆ ಸಾಲದು ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ, ಬಿಗಿಯಾಗಿ ಕೂರುವ ಮಾಸ್ಕ್. ಹೊನ್ನೆಗೆ ಕೈ ಮುಗಿದೆ. ಆ ಮರದ ಕೆಲಸ ಈಗಲೂ ಹಿಡಿಯುವುದಿಲ್ಲ. ಅಪ್ಪನ ರಂದಾವನ್ನು ಅಟ್ಟದಿಂದ ಇಳಿಸಿ ಸಾಣೆ ಹಿಡಿದೆ. ಸುರುಳಿ ಸಿಪ್ಪೆ ಮತ್ತೆ ಬಿತ್ತು.

ಅಕ್ಕನ ಪರೀಕ್ಷೆ ದಿನಾ ಸಂಜೆ. ಪಂಚೆ ಬಿಚ್ಚುವ ಹೊತ್ತಿಗೆ ರಸ್ತೆಯ ಆಚೆಯಿಂದಲೇ, "ಏ ಬಡಿಗೇರಾ, ಬಾ, ಜಗಳಾಡು!" ನಾನು ಬೈಯಬೇಕು, ಅವಳು ಕಿವಿಗೊಡಬೇಕು. ಪೂರಾ ಬಂದರೆ ಮಿರ್ಚಿ. ಒಮ್ಮೆ ಲಗ್ನದ ಅವಸರ, ಬೆವರಿಗೆ ಮುಖ ಉರಿಯುತ್ತದೆಂದು ಮಧ್ಯಾಹ್ನದ ಮೇಲೆ ಮಾಸ್ಕ್ ತೆಗೆದಿಟ್ಟು ತಿಕ್ಕಿದ್ದೆ. ಸಂಜೆ ಬೈಯುವಾಗ ಎರಡೇ ಕಡೆ, ಅದೂ ಚೂರೇ ಚೂರು ತಡವರಿಸಿದೆ. ಅಕ್ಕ ತಟ್ಟೆಗೆ ಹಾಕಿದ್ದ ಮಿರ್ಚಿಯನ್ನು ತಿರುಗಿ ಬುಟ್ಟಿಗೆ ಹಾಕಿಕೊಂಡಳು.

"ಮೂತಿ ಬಿಚ್ಚಿಕೊಂಡು ಕೆಲಸ ಮಾಡೀಯಲ್ಲ? ಹೋಗು, ಬೆಲ್ಲ ತಿನ್ನು."

ಅಂದಿನಿಂದ ಮಾಸ್ಕ್ ಬಿಚ್ಚಿಲ್ಲ. ಕೆಲವು ತಿಂಗಳಾದ ಮೇಲೆ ಮತ್ತೆ ಹೊಸಪೇಟೆಗೆ ಹೋಗಿ ಊದಿದಾಗ ಡಾಕ್ಟರಮ್ಮ ಯಂತ್ರದ ಗೆರೆ ನೋಡಿ, "ಕೆಲಸ ಮಾಡಿಕೊಂಡಿರಿ, ಬಿಡೋದು ಬೇಡ. ಹೀಗೇ ಬಂದು ತೋರಿಸ್ತಾ ಇರಿ," ಅಂದರು. ನಾನು ಅಲ್ಲೇ ಕುರ್ಚಿಯ ಹಿಡಿ ಸವರುತ್ತ ಕೂತೆ. ಸಾಗವಾನಿಯದು, ಚೆನ್ನಾಗಿ ಮಾಡಿದ್ದರು. ಇನ್ನು ಮೇಲೂ ಮರ ಮುಟ್ಟಬಹುದು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಕೂತು ಊರಿಗೆ ಬಂದೆ.

ಅಕ್ಕನ ಅಂಗಡಿಗೆ ಗಾಜಿನ ಕದದ ಗೂಡು ಮಾಡಿಕೊಟ್ಟೆ, ಮಂಡಕ್ಕಿ ಮಿರ್ಚಿ ಎರಡನ್ನೂ ಮುಚ್ಚಿಡುವಂಥದ್ದು. ಕದದ ಅಂಚಿಗೆ ಅದೇ ಹೂಬಳ್ಳಿ. ಸುತ್ತಲೂ ತಿರುಗಿ ನೋಡಿ, "ಈಗ ಜಗಳಕ್ಕ ಏನು ಉಳೀತು?" ಎಂದು ಮುಖ ಸಣ್ಣ ಮಾಡಿದಳು.

ಈಗ ಅವಳ ಮೊಣಕಾಲು ಸೋತು, ನಿಂತು ಕರಿಯಲಾಗದೆ ಮಾಗಳಕ್ಕೆ ಮಗಳ ಮನೆಗೆ ಹೋಗಿದ್ದಾಳೆ. ಹೊಳೆ ಹತ್ತಿರ, ಮೊಮ್ಮಕ್ಕಳು, ಸುಖವಾಗಿದ್ದಾಳೆ. ಹೋದ ಅಮಾವಾಸ್ಯೆಗೆ ಪೂಜೆ ಮುಗಿಸಿಕೊಂಡು ನೋಡಲು ಹೋದೆ. ಜಗುಲಿಯ ಮೇಲೆ ಕೂತಿದ್ದಳು. ನಾನು ಬೇಕೆಂದೇ ದೊಡ್ಡ ದನಿ ತೆಗೆದು ಕಂಬದ ಜಗಳವನ್ನು ಮೊದಲಿನಿಂದ ಕೊನೆತನಕ ಒಂದೇ ಬೀಸಿಗೆ ಬೈದೆ. ಪಕ್ಕದ ಮನೆಯವರು ಓಡಿ ಬಂದರು. ಮಗಳು ಅವರಿಗೆ ಸಮಜಾಯಿಷಿ ಹೇಳುತ್ತ ನಗುತ್ತಿದ್ದಳು. ನಾನು ಮೀಸೆ ತಿರುವುತ್ತ ಅಕ್ಕನ ಮುಖ ನೋಡಿದೆ.

"ಇವತ್ತಿಂದು ಲೆಕ್ಕಕ್ಕಿಲ್ಲ," ಅಂದಳು. "ಅಮಾವಾಸಿ ದಿನ ನೀ ಯಾವಾಗ ಚೊಲೋ ಇರಲಿಲ್ಲ? ದುಡದ ದಿನ ಬಾ."

ಮರುವಾರ ಮಧ್ಯಾಹ್ನದತನಕ ಮಷಿನ್ ಹಚ್ಚಿ, ಸಾಗವಾನಿಯ ಕದ ತಿಕ್ಕಿ ಮುಗಿಸಿ, ಅದೇ ಅಂಗಿಯಲ್ಲಿ ಹಡಗಲಿಯ ಬಸ್ ಹತ್ತಿದೆ. ಮಾಗಳ ಮುಟ್ಟುವಾಗ ಹೊತ್ತು ಇಳಿದಿತ್ತು. ಅಕ್ಕ ನನ್ನನ್ನು ಹತ್ತಿರ ಕರೆದು, ತಲೆಗೂದಲಲ್ಲಿ ಉಳಿದಿದ್ದ ಹೊಟ್ಟನ್ನು ಆ ಕಲೆಗಳ ಕೈಯಿಂದ ಮುಟ್ಟಿ ನೋಡಿದಳು. ದುಡಿದೇ ಬಂದದ್ದು ಪಕ್ಕಾ ಆದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಬೈದೆ. ಕಂಬ, ಬಳ್ಳಿ, ಹರಕು ಪಂಚೆ, ನ್ಯಾಯ ಅನ್ಯಾಯ ಎಲ್ಲ. ಎಲ್ಲೂ ನಿಲ್ಲಲಿಲ್ಲ.

ಮುಗಿದ ಮೇಲೆ ಅವಳು ಕಣ್ಣು ತೆರೆದಳು. ರೆಪ್ಪೆಯ ಅಂಚು ಒದ್ದೆಯಾಗಿತ್ತು.

"ಪೂರಾ ಬಂತು ತಮ್ಮಾ," ಅಂದಳು. "ಕೈಕಾಲು ತೊಳಕೊಂಡು ಬಾ, ಉಣ್ಣು."